ಬ್ಯಾಂಡ್‌ವಿಡ್ತ್ ಕಳವು ಅಪರಾಧವೇ? ಪರೀಕ್ಷೆಗೆ ಮುಖ್ಯಾಂಶಗಳು

ಪ್ರಶ್ನೆ ಯಾವುದು

ಬೆಂಗಳೂರಿನ ಬಿಟಿಎಂ ಲೇಔಟ್‌ನ ಪಿಜಿಗಳು ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತಿವೆ. ಜಯನಗರ, ಬನಶಂಕರಿಯ ಮೂವತ್ತು–ನಲವತ್ತರ ಸೈಟುಗಳಲ್ಲಿ ಕೆಳಗೆ ಮಾಲೀಕರು, ಮೇಲೆ ಎರಡು ಮೂರು ಬಾಡಿಗೆ ಮನೆಗಳು. ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ ಫೋನ್ ತೆರೆದರೆ ವೈಫೈ ಹೆಸರುಗಳ ಉದ್ದನೆಯ ಪಟ್ಟಿಯೇ ಕಾಣುತ್ತದೆ. ಅವುಗಳಲ್ಲಿ ಒಂದಕ್ಕೆ ಮಾಲೀಕರ ಒಪ್ಪಿಗೆಯಿಲ್ಲದೆ ಸೇರಿಕೊಂಡು ಇಂಟರ್ನೆಟ್ ಬಳಸಿದರೆ ಅದು ಅಪರಾಧವೇ?

ಒಂದೇ ಸಾಲಿನ ಉತ್ತರ ಹೀಗೆ: ಅಪ್ರಾಮಾಣಿಕ ಉದ್ದೇಶವಿದ್ದರೆ ಇದು ಈಗಾಗಲೇ ಅಪರಾಧ. ಆದರೆ ಅನ್ವಯವಾಗುವುದು ಮುಖ್ಯವಾಗಿ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 (ಐಟಿ ಕಾಯ್ದೆ). ಕಳವಿನ ಸೆಕ್ಷನ್ ಅಲ್ಲ.

ಬೆಂಗಳೂರಿನ ಎಂಜಿನಿಯರ್ ಪ್ರಕರಣ

ಬೇರೆಯವರ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಖಾತೆಗಳಿಗೆ, ತಾನೇ ನಿಜವಾದ ಚಂದಾದಾರ ಎಂಬಂತೆ, ಬೆಂಗಳೂರಿನ ಒಬ್ಬ ಟೆಕ್ಕಿ ಲಾಗಿನ್ ಆಗುತ್ತಿದ್ದ. ಬಳಕೆದಾರರ ಖಾತೆಗಳ ಮಾಹಿತಿಯನ್ನೂ ತಿದ್ದಿದ್ದ. ಅನಧಿಕೃತ ಬಳಕೆಯನ್ನು ಪತ್ತೆಹಚ್ಚಿ ದೂರು ಕೊಟ್ಟದ್ದು ಚೆನ್ನೈನ ಪತ್ರಿಕಾ ಮಾಹಿತಿ ಕಚೇರಿ, ತನಿಖೆ ನಡೆಸಿದ್ದು ಸಿಬಿಐ. ಚಂದಾದಾರರಿಗೆ ಆದ ನಷ್ಟ ₹38,248. ಚೆನ್ನೈ ಎಗ್ಮೋರ್‌ನ ಹೆಚ್ಚುವರಿ ಮುಖ್ಯ ಮೆಟ್ರೊಪಾಲಿಟನ್ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಅವನಿಗೆ 1 ವರ್ಷದ ಕಠಿಣ ಕಾರಾಗೃಹ ಶಿಕ್ಷೆ ಮತ್ತು ₹5,000 ದಂಡ ವಿಧಿಸಿತು. ಅನ್ವಯಿಸಿದ ಸೆಕ್ಷನ್‌ಗಳು ಭಾರತೀಯ ದಂಡ ಸಂಹಿತೆಯ (ಐಪಿಸಿ) 420 ಮತ್ತು ಐಟಿ ಕಾಯ್ದೆಯ 66.

ಇಲ್ಲಿ ಗಮನಿಸಬೇಕಾದ್ದು: ಐಪಿಸಿ 379, ಅಂದರೆ ಕಳವು, ಈ ತೀರ್ಪಿನಲ್ಲಿಲ್ಲ. ವಂಚನೆ ಮತ್ತು ಕಂಪ್ಯೂಟರ್ ಅಪರಾಧದ ಮೇಲೆಯೇ ಶಿಕ್ಷೆಯಾಗಿದೆ.

ಜೊತೆಗೆ ನೆನಪಿಡಬೇಕಾದ ಹಳೆಯ ಪ್ರಕರಣ ದೆಹಲಿಯದು (2000). ಸೇನಾಧಿಕಾರಿಯೊಬ್ಬರ ಮನೆಗೆ ಇಂಟರ್ನೆಟ್ ಹಾಕಿಕೊಡಲು ಬಂದ ಎಂಜಿನಿಯರ್ ಅವರ ಪಾಸ್‌ವರ್ಡ್ ಬಳಸಿ ಸುಮಾರು ನೂರು ಗಂಟೆಗಳನ್ನು ಖಾಲಿ ಮಾಡಿದ್ದ. ಆಗ ಗಂಟೆ ಲೆಕ್ಕದಲ್ಲಿ ಇಂಟರ್ನೆಟ್ ಕೊಳ್ಳುವ ಕಾಲ, ಐಟಿ ಕಾಯ್ದೆ ಇನ್ನೂ ಜಾರಿಯಾಗಿರಲಿಲ್ಲ (ಜಾರಿ: 17 ಅಕ್ಟೋಬರ್ 2000). ಹಾಗಾಗಿ ಪೊಲೀಸರು ಐಪಿಸಿ 379 ಮತ್ತು ಟೆಲಿಗ್ರಾಫ್ ಕಾಯ್ದೆಯ ಮೊರೆಹೋದರು.

‘ಕಳವು’ ಏಕೆ ಸರಿಹೊಂದುವುದಿಲ್ಲ

ಅಭ್ಯರ್ಥಿಗಳು ಹೆಚ್ಚು ಅಂಕ ಕಳೆದುಕೊಳ್ಳುವ ಭಾಗ ಇದು, ನಿಧಾನವಾಗಿ ಓದಿ.

• ಕಳವಾಗಬೇಕಾದರೆ ಚರ ಸ್ವತ್ತು ಇರಬೇಕು, ಅದನ್ನು ಒಬ್ಬರ ಸ್ವಾಧೀನದಿಂದ ಸಮ್ಮತಿಯಿಲ್ಲದೆ ಸರಿಸಬೇಕು. ಐಪಿಸಿ 22ನೇ ಸೆಕ್ಷನ್ ಪ್ರಕಾರ ಚರ ಸ್ವತ್ತು ಎಂದರೆ ಭೌತಿಕ ರೂಪವಿರುವ ಸ್ವತ್ತಾಗಿತ್ತು.

• ವಿದ್ಯುತ್ತಿನ ವಿಷಯದಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಅವತಾರ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಪ್ರಕರಣದಲ್ಲಿ (ಎಐಆರ್ 1965 ಎಸ್‌ಸಿ 666) ಸುಪ್ರೀಂ ಕೋರ್ಟ್ ಹೇಳಿದ್ದು: ವಿದ್ಯುತ್ ಕದಿಯುವುದು ಐಪಿಸಿಯ ಕಳವಿನ ವ್ಯಾಖ್ಯೆಯೊಳಗೆ ತಾನಾಗಿ ಬರುವುದಿಲ್ಲ, 1910ರ ವಿದ್ಯುತ್ ಕಾಯ್ದೆಯ 39ನೇ ಸೆಕ್ಷನ್ ಅದನ್ನು ಕಳವೆಂದು ಪರಿಗಣಿಸುವುದರಿಂದಲೇ ಅದು ಅಪರಾಧ. ಇಂದು ಆ ಜಾಗದಲ್ಲಿರುವುದು ವಿದ್ಯುತ್ ಕಾಯ್ದೆ 2003ರ ಸೆಕ್ಷನ್ 135. ಬ್ಯಾಂಡ್‌ವಿಡ್ತ್ ಅನ್ನು ಹೀಗೆ ಕಳವೆಂದು ಪರಿಗಣಿಸುವ ಸೆಕ್ಷನ್ ಯಾವ ಕಾಯ್ದೆಯಲ್ಲೂ ಇಲ್ಲ.

• ಹಾಗೆಂದು ಕಳವಿನ ಆರೋಪಕ್ಕೆ ‘ಸ್ವಲ್ಪ ಹೊತ್ತು ಬಳಸಿ ಬಿಟ್ಟೆ’ ಎಂಬ ಸಮರ್ಥನೆ ನಿಲ್ಲುವುದಿಲ್ಲ. ಕೆ.ಎನ್. ಮೆಹ್ರಾ ಪ್ರಕರಣದಲ್ಲಿ (1957), ಜೋಧ್‌ಪುರದಿಂದ ಅನುಮತಿಯಿಲ್ಲದೆ ವಿಮಾನ ಹಾರಿಸಿಕೊಂಡು ಹೋದದ್ದನ್ನು, ತಾತ್ಕಾಲಿಕವಾದರೂ, ಸುಪ್ರೀಂ ಕೋರ್ಟ್ ಕಳವೆಂದೇ ಎಣಿಸಿತು.

• 1 ಜುಲೈ 2024ರಿಂದ ಐಪಿಸಿಯ ಬದಲಿಗೆ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 2(21)ರಲ್ಲಿ ‘ಭೌತಿಕ’ ಎಂಬ ಷರತ್ತು ಇಲ್ಲ. ಭೂಮಿ ಮತ್ತು ಭೂಮಿಗೆ ಅಂಟಿದ್ದನ್ನು ಬಿಟ್ಟು ಎಲ್ಲ ಬಗೆಯ ಸ್ವತ್ತೂ ಚರ ಸ್ವತ್ತೇ. ಇದರಿಂದ ಸೆಕ್ಷನ್ 303ರ (ಕಳವು) ಬಾಗಿಲು ಅರ್ಧ ತೆರೆದಿದೆ. ಪೂರ್ತಿ ತೆರೆದಿಲ್ಲ ಎನ್ನಲು ಎರಡು ಕಾರಣಗಳಿವೆ. ‘ಸರಿಸುವುದು’ ಎಂಬ ಅಂಶವನ್ನು ಇನ್ನೂ ಸಾಬೀತು ಮಾಡಬೇಕು. ಅಲ್ಲದೆ, ವಿಶೇಷ ಕಾಯ್ದೆ ಇರುವಲ್ಲಿ ಅದೇ ಮೇಲು ಎಂಬ ತತ್ವವನ್ನು ಶರತ್ ಬಾಬು ದಿಗುಮರ್ತಿ ಪ್ರಕರಣದಲ್ಲಿ (2017) ಸುಪ್ರೀಂ ಕೋರ್ಟ್ ಐಟಿ ಕಾಯ್ದೆಗೆ ಅನ್ವಯಿಸಿದೆ.

ಬಾಯಿಪಾಠವಾಗಬೇಕಾದ ಸೆಕ್ಷನ್‌ಗಳು

• ಐಟಿ ಕಾಯ್ದೆ 43(ಎ): ಅನುಮತಿಯಿಲ್ಲದೆ ಕಂಪ್ಯೂಟರ್ ಅಥವಾ ನೆಟ್‌ವರ್ಕ್ ಪ್ರವೇಶ. ಪರಿಹಾರ ಕೊಡಬೇಕು.
• 43(ಎಚ್): ತಾನು ಪಡೆದ ಸೇವೆಯ ಶುಲ್ಕ ಇನ್ನೊಬ್ಬರ ಖಾತೆಗೆ ಬೀಳುವಂತೆ ಕೈಚಳಕ ಮಾಡುವುದು. ಬ್ಯಾಂಡ್‌ವಿಡ್ತ್ ಕಳವಿಗೆ ಅತಿ ಹತ್ತಿರದ ಸೆಕ್ಷನ್ ಇದೇ.
• 66: ಸೆಕ್ಷನ್ 43ರ ಕೃತ್ಯವನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ 3 ವರ್ಷದವರೆಗೆ ಜೈಲು, ಅಥವಾ ₹5 ಲಕ್ಷದವರೆಗೆ ದಂಡ, ಅಥವಾ ಎರಡೂ. 2008ರ ತಿದ್ದುಪಡಿಯ ರೂಪ ಇದು (ಜಾರಿ: 27 ಅಕ್ಟೋಬರ್ 2009).
• 66ಸಿ: ಇನ್ನೊಬ್ಬರ ಪಾಸ್‌ವರ್ಡ್‌ನ ದುರ್ಬಳಕೆ. 3 ವರ್ಷದವರೆಗೆ ಜೈಲು, ₹1 ಲಕ್ಷದವರೆಗೆ ದಂಡ.
• 77ಬಿ: 3 ವರ್ಷದ ಅಪರಾಧಗಳು ಸಂಜ್ಞೇಯ, ಆದರೆ ಜಾಮೀನು ಸಿಗುತ್ತದೆ. 78: ತನಿಖೆ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರಿಂದ ಆಗಕೂಡದು.
• 46: ₹5 ಕೋಟಿವರೆಗಿನ ಪರಿಹಾರದ ಅರ್ಜಿ ನ್ಯಾಯನಿರ್ಣಯ ಅಧಿಕಾರಿಯ ಮುಂದೆ. ಈ ಅಧಿಕಾರಿ ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿ.
• ದೂರಸಂಪರ್ಕ ಕಾಯ್ದೆ 2023, ಸೆಕ್ಷನ್ 42: ದೂರಸಂಪರ್ಕ ಜಾಲಕ್ಕೆ ಅನಧಿಕೃತ ಪ್ರವೇಶ. 3 ವರ್ಷದವರೆಗೆ ಜೈಲು, ₹2 ಕೋಟಿವರೆಗೆ ದಂಡ, ಅಥವಾ ಎರಡೂ. 26 ಜೂನ್ 2024ರಿಂದ ಜಾರಿ.

ಕರ್ನಾಟಕದ ಅಂಶಗಳು: ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಬೆಂಗಳೂರಿನದು (2001). ಸೈಬರ್ ಕೆಫೆಗಳನ್ನು ನಿಯಂತ್ರಿಸಲು ರಾಜ್ಯವು ಮಾಹಿತಿ ತಂತ್ರಜ್ಞಾನ (ಕರ್ನಾಟಕ) ನಿಯಮಗಳನ್ನು 2004ರಲ್ಲೇ ತಂದಿತು. ಈಗ ನಗರದಲ್ಲಿ ಸೈಬರ್ ದೂರುಗಳಿಗೆ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆಗಳಿವೆ.

ನಿಜವಾದ ನಷ್ಟ

ಅನ್‌ಲಿಮಿಟೆಡ್ ಪ್ಲ್ಯಾನ್‌ಗಳ ಕಾಲದಲ್ಲಿ ಪಕ್ಕದ ಮನೆಯವರು ನಾಲ್ಕು ಜಿಬಿ ಬಳಸಿದರೆ ಮಾಲೀಕರ ಬಿಲ್ಲಿನಲ್ಲಿ ಒಂದು ರೂಪಾಯಿಯೂ ಹೆಚ್ಚುವುದಿಲ್ಲ. ವೇಗ ತುಸು ಕುಗ್ಗಬಹುದು. ಮಾಲೀಕರು ಕಳೆದುಕೊಳ್ಳುವುದು ಹೆಸರನ್ನು. ಹೊರಗಿನವರು ಏನೇ ಮಾಡಿದರೂ ದಾಖಲೆಯಲ್ಲಿ ಉಳಿಯುವುದು ಸಂಪರ್ಕದ ಐಪಿ ವಿಳಾಸ, ಪೊಲೀಸರು ಬಾಗಿಲು ತಟ್ಟುವುದು ಆ ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ.

25 ಜುಲೈ 2008ರಂದು ಮಡಿವಾಳ, ಆಡುಗೋಡಿ ಸೇರಿ ಬೆಂಗಳೂರಿನ ಹಲವೆಡೆ ಬಾಂಬ್ ಸ್ಫೋಟಿಸಿತು. ಮರುದಿನ ಅಹಮದಾಬಾದ್. ಅಲ್ಲಿನ ಸ್ಫೋಟದ ಹೊಣೆ ಹೊತ್ತ ಇ–ಮೇಲ್‌ನ ಜಾಡು ತಲುಪಿದ್ದು ನವಿ ಮುಂಬೈನಲ್ಲಿ ಬಾಡಿಗೆಗಿದ್ದ ಅಮೆರಿಕನ್ ಪ್ರಜೆಯೊಬ್ಬರ ಮನೆಗೆ. ಅವರ ವೈಫೈಗೆ ಭದ್ರತೆ ಇರಲಿಲ್ಲ, ಕಳಿಸಿದವರು ಬೇರೆಯವರು. 2007ರಲ್ಲಿ ಬೆಂಗಳೂರಿನ ಟೆಕ್ಕಿಯೊಬ್ಬರನ್ನು ಪುಣೆ ಪೊಲೀಸರು ಆರ್ಕುಟ್ ಎಂಬ ಅಂದಿನ ಸಾಮಾಜಿಕ ಜಾಲತಾಣದ ಬರಹವೊಂದರ ಆರೋಪದಲ್ಲಿ ಬಂಧಿಸಿ ಸುಮಾರು 50 ದಿನ ಜೈಲಿನಲ್ಲಿಟ್ಟರು. ಇಂಟರ್ನೆಟ್ ಕಂಪನಿ ಕೊಟ್ಟ ಐಪಿ ವಿವರವೇ ತಪ್ಪಾಗಿತ್ತು. ಅದು ವೈಫೈ ಕಳವಲ್ಲ. ಆದರೂ ಐಪಿ ವಿಳಾಸ ಮನುಷ್ಯನ ಗುರುತಲ್ಲ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಘಟನೆ ನಮ್ಮ ಊರಿನಲ್ಲಿ ಇನ್ನೊಂದಿಲ್ಲ.

ಹೊರದೇಶಗಳು

ಬ್ರಿಟನ್‌ನಲ್ಲಿ ಕಮ್ಯುನಿಕೇಷನ್ಸ್ ಆ್ಯಕ್ಟ್ 2003ರ ಸೆಕ್ಷನ್ 125 ನೇರವಾಗಿ ಅನ್ವಯವಾಗುತ್ತದೆ. 2005ರಲ್ಲಿ ಲಂಡನ್ನಿನಲ್ಲಿ ಬೇರೆಯವರ ವೈಫೈ ಬಳಸಿದ ಒಬ್ಬನಿಗೆ 500 ಪೌಂಡ್ ದಂಡ ಬಿತ್ತು. ಸಿಂಗಪುರದಲ್ಲಿ 17ರ ಹುಡುಗನಿಗೆ 2007ರಲ್ಲಿ ಜೈಲಿನ ಬದಲು 18 ತಿಂಗಳ ಪ್ರೊಬೇಷನ್. ಜರ್ಮನಿಯ ವುಪ್ಪರ್ಟಾಲ್ ನಗರದಲ್ಲಿ 2007ರಲ್ಲಿ ತೆರೆದ ವೈಫೈ ಬಳಸಿದವನನ್ನು ನ್ಯಾಯಾಲಯ ತಪ್ಪಿತಸ್ಥನೆಂದಿತು. 2010ರಲ್ಲಿ ಅದೇ ನಗರದ ಮೇಲಿನ ನ್ಯಾಯಾಲಯ ತೆರೆದ ವೈಫೈ ಬಳಕೆ ಶಿಕ್ಷಾರ್ಹವಲ್ಲ ಎಂದಿತು.

ಸಮಸ್ಯೆ ಆಧಾರಿತ ಪ್ರಶ್ನೆ ಬಂದರೆ

ಪಿಜಿ ಮಾಲೀಕರೇ ಪಾಸ್‌ವರ್ಡ್ ಕೊಟ್ಟಿದ್ದರೆ ಅನುಮತಿ ಇದೆ, ಅಪರಾಧವಿಲ್ಲ. ಖಾಲಿ ಮಾಡಿ ಹೋದವರು ಎದುರು ರಸ್ತೆಯ ಮನೆಯಿಂದ ಅದೇ ಪಾಸ್‌ವರ್ಡ್ ಮುಂದುವರಿಸಿದರೆ ಅನುಮತಿ ಮುಗಿದಿದೆ. 43(ಎ) ಅನ್ವಯ, ಉದ್ದೇಶ ಸಾಬೀತಾದರೆ 66. ಬೀಗವಿಲ್ಲದ ವೈಫೈಗೆ ಫೋನ್ ತಾನಾಗಿ ಸೇರಿಕೊಂಡರೆ ಅಪ್ರಾಮಾಣಿಕತೆ ಇಲ್ಲ. ಸಾಫ್ಟ್‌ವೇರ್ ಬಳಸಿ ಪಾಸ್‌ವರ್ಡ್ ಮುರಿದರೆ 66, ಜೊತೆಗೆ 66ಸಿ. ಆ ಸಂಪರ್ಕದಿಂದ ಬೆದರಿಕೆ ಇ–ಮೇಲ್ ಕಳಿಸಿದರೆ ಅದು ಪ್ರತ್ಯೇಕ ಅಪರಾಧ.

ಅಭಿಪ್ರಾಯ ಕೇಳಿದರೆ

ಶಿಕ್ಷೆಯನ್ನು ಜಿಬಿಯ ಲೆಕ್ಕಕ್ಕೆ ಕಟ್ಟುವುದು ತಪ್ಪು. ಪಾಸ್‌ವರ್ಡ್ ಮುರಿದವನನ್ನೂ ಇನ್ನೊಬ್ಬರ ಹೆಸರಿನ ಮರೆಯಲ್ಲಿ ಕೃತ್ಯ ಎಸಗಿದವನನ್ನೂ ಅಪರಾಧಿ ಎಂದೇ ಕಾಣಬೇಕು. ಹಳೆಯ ಪಾಸ್‌ವರ್ಡ್‌ನಲ್ಲಿ ಸಿನಿಮಾ ನೋಡಿದ ವಿದ್ಯಾರ್ಥಿಗೆ ಎಫ್‌ಐಆರ್ ಬೇಡ. ನಮ್ಮ ಕಾನೂನಿನ ದೊಡ್ಡ ಕೊರತೆ ಇರುವುದು ಇಲ್ಲಿಯೇ: ಬನಶಂಕರಿಯ ಒಂದು ಮನೆಯವರು ಕೆಲವು ನೂರು ರೂಪಾಯಿಗಾಗಿ ಐಟಿ ಕಾರ್ಯದರ್ಶಿಯ ಮುಂದೆ ಅರ್ಜಿ ಹಿಡಿದು ನಿಲ್ಲುವುದು ಸಾಧ್ಯವಿಲ್ಲ, ಅದಕ್ಕಿಂತ ಕೆಳಗೆ ಬೇರೆ ದಾರಿಯಿಲ್ಲ. ₹5,000ಕ್ಕಿಂತ ಕಡಿಮೆ ಮೌಲ್ಯದ ಮೊದಲ ಕಳವಿಗೆ, ವಸ್ತು ಅಥವಾ ಅದರ ಬೆಲೆಯನ್ನು ಹಿಂತಿರುಗಿಸಿದರೆ, ನ್ಯಾಯ ಸಂಹಿತೆಯ 303(2) ಸಮುದಾಯ ಸೇವೆಯನ್ನು ವಿಧಿಸುತ್ತದೆ. ಐಟಿ ಕಾಯ್ದೆಯ 66ರಲ್ಲಿ ಅಂಥ ಮೆಟ್ಟಿಲಿಲ್ಲ. ಅದನ್ನು ಸೇರಿಸುವುದು ಸಂಸತ್ತಿನ ಕೆಲಸ. ಅಲ್ಲಿಯವರೆಗೆ ಬಾಡಿಗೆದಾರರು ಬದಲಾದಾಗಲೆಲ್ಲ ರೂಟರ್‌ನ ಪಾಸ್‌ವರ್ಡ್ ಬದಲಿಸಿ.