ಟಸ್ಕಿಗೀ ಊರೂ ಅದರ ಶಾಲೆಯೂ

ಶಾಲೆಯೆಂದರೆ ಸರಕಾರದವರು ಇಲ್ಲವೆ ಧನವಂತರು ಕಟ್ಟಿಕೊಡತಕ್ಕ ಕಟ್ಟಡವೆಂದು ನಮ್ಮಲ್ಲಿ ಅನೇಕರು ತಿಳಿದಿರುತ್ತೇವೆ. ಹೊಲಗೆಲಸದ ಬಡಜನರು ತಮ್ಮ ಕೈಯಿಂದಲೇ ಕಟ್ಟಿದ ಒಂದು ಶಾಲೆಯ ಚರಿತ್ರೆಯನ್ನು ಈ ಪಾಠದಲ್ಲಿ ವಿಚಾರಿಸೋಣ. ಅದರಲ್ಲಿ ಅನುಸರಿಸತಕ್ಕದ್ದೂ ಉಂಟು, ಎಚ್ಚರಿಕೆಗೆ ತಕ್ಕದ್ದೂ ಉಂಟು.

1. ಊರು

ಅಮೇರಿಕಾದ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿರುವ ಅಲಬಾಮಾ ಸಂಸ್ಥಾನದಲ್ಲಿ ಮೇಕನ್ ಎಂಬ ಜಿಲ್ಲೆಯಿದೆ. ಅದರ ಮುಖ್ಯ ಸ್ಥಳವೇ ಟಸ್ಕಿಗೀ. ಪೂರ್ವದಲ್ಲಿ ಆ ಸೀಮೆಯು ಕ್ರೀಕ್ ಎಂಬ ಮೂಲನಿವಾಸಿಗಳದಾಗಿತ್ತು. ಊರಿನ ಹೆಸರು ಸಹ ಅವರಿಂದಲೇ ಬಂದದ್ದು. ಬಿಳಿಯರು 1833ರಲ್ಲಿ ಅಲ್ಲಿ ಪಟ್ಟಣವನ್ನು ಸ್ಥಾಪಿಸಿ, ಕೆಲವು ವರುಷಗಳೊಳಗೆ ಕ್ರೀಕ್ ಜನರನ್ನು ಪಶ್ಚಿಮಕ್ಕೆ ಹೊರಡಿಸಿಬಿಟ್ಟರು. ಸುತ್ತಲಿನ ಹೊಲಗಳಲ್ಲಿ ಹತ್ತಿಯನ್ನು ಬೆಳೆದವರು ಆಫ್ರಿಕಾದಿಂದ ಹಿಡಿದು ತಂದ ದಾಸರ ಸಂತತಿಯವರು. ಇಂಥ ದಾಸರಿಗೆ ಓದುಬರಹ ಕಲಿಸಿದವನು ದಂಡ ತೆರಬೇಕೆಂದು ಅಲಬಾಮಾದಲ್ಲಿ 1832ರಲ್ಲಿ ಕಾಯಿದೆಯಾಯಿತು. ಅಕ್ಷರ ಬಲ್ಲವನನ್ನು ದಾಸನಾಗಿ ಇಟ್ಟುಕೊಳ್ಳುವದು ಕಷ್ಟವೆಂಬದನ್ನು ಒಡೆಯರು ಚೆನ್ನಾಗಿ ಅರಿತಿದ್ದರು. 1865ರಲ್ಲಿ ದಾಸತ್ವವು ರದ್ದಾಯಿತು. ಆದರೆ ಬಿಡುಗಡೆಯಾದವರಿಗೆ ಹೊಲವೂ ಇರಲಿಲ್ಲ, ವಿದ್ಯೆಯೂ ಇರಲಿಲ್ಲ.

2. ಶಾಲೆಯ ಆರಂಭ

ಆ ಊರಿನಲ್ಲಿ ಲೂಯಿಸ್ ಆಡಮ್ಸ್ ಎಂಬವರಿದ್ದರು. ಅವರು ಹುಟ್ಟುದಾಸರು, ತಗಡಿನ ಕೆಲಸವನ್ನೂ ಚಮ್ಮಾರಿಕೆಯನ್ನೂ ಬಲ್ಲವರು. 1880ರ ಚುನಾವಣೆಯಲ್ಲಿ ಬಿಳಿಯ ಉಮೇದುವಾರರೊಬ್ಬರು ಕರಿಯರ ಓಟುಗಳಿಗಾಗಿ ಆಡಮ್ಸರ ಸಹಾಯವನ್ನು ಕೇಳಿಕೊಂಡರು. ಆಡಮ್ಸರು ತಮಗೋಸ್ಕರ ಏನನ್ನೂ ಬೇಡದೆ, ತಮ್ಮ ಜನರಿಗೆ ಒಂದು ಶಾಲೆಯಾಗಬೇಕೆಂದು ಬೇಡಿದರು. ಅದರಂತೆ ಕಾಯಿದೆ ಸಭೆಯು 1881ರಲ್ಲಿ ವರುಷಕ್ಕೆ 2,000 ಡಾಲರುಗಳನ್ನು ಮಂಜೂರು ಮಾಡಿತು. ಅದಾದರೋ ಉಪಾಧ್ಯಾಯರ ಸಂಬಳಕ್ಕೆ ಮಾತ್ರ. ನೆಲಕ್ಕೂ ಕಟ್ಟಡಕ್ಕೂ ಒಂದು ಕಾಸೂ ಇರಲಿಲ್ಲ.

ಬೂಕರ್ ವಾಷಿಂಗ್ಟನ್ ಎಂಬ ತರುಣರು ಉಪಾಧ್ಯಾಯರಾಗಿ ಬಂದರು. ಇವರೂ ದಾಸತ್ವದಲ್ಲಿ ಹುಟ್ಟಿದವರೇ. 1881ನೇ ಜುಲೈ 4ರಂದು ಕರಿಯರ ದೇವಾಲಯದ ಮಗ್ಗುಲಲ್ಲಿದ್ದ ಒಂದು ಹಳೇ ಗುಡಿಸಲಿನಲ್ಲಿ 30 ವಿದ್ಯಾರ್ಥಿಗಳೊಂದಿಗೆ ಶಾಲೆಯು ಆರಂಭವಾಯಿತು. ಮಳೆ ಬಂದಾಗ ಒಬ್ಬ ವಿದ್ಯಾರ್ಥಿಯು ಗುರುವಿನ ತಲೆಯ ಮೇಲೆ ಕೊಡೆ ಹಿಡಿಯಬೇಕಾಗಿತ್ತು.

3. ಕೈಗೆಲಸ

ಬಳಿಕ 500 ಡಾಲರುಗಳಿಗೆ 100 ಎಕರೆಯ ಹಳೇ ಹೊಲವನ್ನು ಗೊತ್ತುಮಾಡಿ, ಅರ್ಧ ಹಣವನ್ನು ಸಾಲ ತಂದರು. ಅಲ್ಲಿದ್ದ ಲಾಯವನ್ನೂ ಕೋಳಿಮನೆಯನ್ನೂ ಗುಡಿಸಿ ಪಾಠದ ಕೋಣೆಗಳಾಗಿ ಮಾಡಿದರು. ಸಾಲ ತೀರಿಸುವದಕ್ಕೆ ಊರವರು ತಮ್ಮಿಂದಾದದ್ದನ್ನು ಕೊಟ್ಟರು. ಎಪ್ಪತ್ತು ವರುಷದ ಮುದುಕಿಯೊಬ್ಬಳು ಹರಕು ಬಟ್ಟೆಯುಟ್ಟು, ಕೋಲೂರಿಕೊಂಡು ಬಂದು ಆರು ಮೊಟ್ಟೆಗಳನ್ನು ಕೊಟ್ಟಳು. ಅದಕ್ಕಿಂತ ಮನಮುಟ್ಟಿದ ಕಾಣಿಕೆಯು ತಮಗೆ ದೊರೆತಿಲ್ಲವೆಂದು ವಾಷಿಂಗ್ಟನ್ನರು ಹೇಳುತ್ತಿದ್ದರು.

ಕಾಡು ಕಡಿಯುವ ಕೆಲಸವೆಂದಾಗ ವಿದ್ಯಾರ್ಥಿಗಳು ಹಿಂಜರಿದರು. ಕಲಿತವರಿಗೆ ಕೊಡಲಿಯೇತಕ್ಕೆಂದು ಅವರ ಮನಸ್ಸು. ಆಗ ಗುರುವು ತಾನೇ ಕೊಡಲಿ ಹಿಡಿದು ಮುಂದೆ ನಡೆದದ್ದರಿಂದ ಅವರೂ ಹಿಂಬಾಲಿಸಿದರು. ಇಟ್ಟಿಗೆಯ ಗೂಡು ಮೂರು ಸಾರಿ ಕೆಟ್ಟುಹೋಯಿತು. ಕೈಯಲ್ಲಿ ಹಣವಿಲ್ಲದಿರಲು ವಾಷಿಂಗ್ಟನ್ನರು ತಮ್ಮ ಗಡಿಯಾರವನ್ನು 15 ಡಾಲರುಗಳಿಗೆ ಒತ್ತೆಯಿಟ್ಟರು. ನಾಲ್ಕನೆಯ ಗೂಡು ಸರಿಯಾಗಿ ಬೆಂದಿತು. ಆ ಇಟ್ಟಿಗೆಗಳು ಒಳ್ಳೆಯವಾಗಿದ್ದದರಿಂದ ಶಾಲೆಯನ್ನು ಮೆಚ್ಚದಿದ್ದ ಬಿಳಿಯರು ಸಹ ಕೊಳ್ಳುವದಕ್ಕೆ ಬಂದರು. 19 ವರುಷಗಳಲ್ಲಿ ಎದ್ದ 40 ಕಟ್ಟಡಗಳಲ್ಲಿ ನಾಲ್ಕರ ಹೊರತು ಮಿಕ್ಕವೆಲ್ಲವು ಹೆಚ್ಚುಕಡಿಮೆ ವಿದ್ಯಾರ್ಥಿಗಳ ಕೈಗೆಲಸವೇ.

4. ಹೊಲಕ್ಕೆ ಹೋದ ಶಾಲೆ

1896ರಲ್ಲಿ ಜಾರ್ಜ್ ವಾಷಿಂಗ್ಟನ್ ಕಾರ್ವರರು ಬೇಸಾಯಶಾಸ್ತ್ರದ ಗುರುಗಳಾಗಿ ಬಂದರು. ವರುಷ ವರುಷವೂ ಹತ್ತಿಯನ್ನೇ ಬಿತ್ತಿ ನೆಲವು ಸಾರಗೆಟ್ಟಿತ್ತು. ಅಲಸಂದೆ, ನೆಲಗಡಲೆಗಳಂಥ ಬೆಳೆಗಳ ಬೇರುಗಳು ನೆಲಕ್ಕೆ ಸತ್ತ್ವವನ್ನು ತಿರಿಗಿ ಕೊಡುತ್ತವೆಂದೂ, ಅವು ಮನೆಯವರ ಹೊಟ್ಟೆಗೂ ಆಗುತ್ತವೆಂದೂ ಅವರು ತೋರಿಸಿದರು. ಶಾಲೆಗೆ ಬರಲಾರದ ರೈತರಿಗಾಗಿ 1906ರಿಂದ ಒಂದು ಬಂಡಿಯಲ್ಲಿ ಉಪಕರಣಗಳನ್ನು ಹೇರಿಕೊಂಡು ಅವರ ಹೊಲಗಳಿಗೇ ಹೋಗಿ ಕಲಿಸುವ ಏರ್ಪಾಡಾಯಿತು.

5. ಎಚ್ಚರಿಕೆ

ಇಷ್ಟಾದರೂ ಕೈಗೆಲಸವೊಂದೇ ಸಾಲದಾಯಿತು. ಓಟಿನಿಂದ ದೊರೆತ ಶಾಲೆಯಿದ್ದ ಆ ಸಂಸ್ಥಾನದಲ್ಲಿಯೇ 1901ರ ಹೊಸ ರಾಜ್ಯಾಂಗವು ಕರಿಯರ ಓಟನ್ನು ಬಹುಮಟ್ಟಿಗೆ ಕಸಿದುಕೊಂಡಿತು. ಕಸಬನ್ನು ಕಲಿತು ಹಕ್ಕನ್ನು ಬಿಟ್ಟರೆ ಕಸಬೂ ಉಳಿಯದೆಂದು ಡು ಬಾಯ್ಸ್ ಎಂಬ ಪಂಡಿತರು 1903ರಲ್ಲಿ ವಾಷಿಂಗ್ಟನ್ನರನ್ನು ಆಕ್ಷೇಪಿಸಿದರು. 1932ರಿಂದ 1972ರ ವರೆಗೆ ಸರಕಾರದ ವೈದ್ಯರು ಅದೇ ಜಿಲ್ಲೆಯ ಸುಮಾರು 600 ಮಂದಿ ಕರಿಯರನ್ನು ಪರೀಕ್ಷೆಗೆ ಒಳಪಡಿಸಿ, ಸಿಫಿಲಿಸ್ ರೋಗವಿದ್ದವರಿಗೆ ನಿಜವನ್ನು ತಿಳಿಸದೆ, ಔಷಧವಿದ್ದರೂ ಕೊಡದೆ ಹೋದರು. ಶಾಲೆಯ ಆಸ್ಪತ್ರೆಯೂ ಅದರಲ್ಲಿ ಸಹಕರಿಸಿತೆಂಬದು ದುಃಖದ ಸಂಗತಿ.

1957ರಲ್ಲಿ ಕಾಯಿದೆ ಸಭೆಯು ಊರಿನ ಚೌಕವಾದ ಎಲ್ಲೆಯನ್ನು 28 ಬದಿಗಳುಳ್ಳ ವಿಕಾರರೂಪಕ್ಕೆ ತಂದು, ಸುಮಾರು 400 ಮಂದಿ ಕರಿಯ ಓಟುದಾರರಲ್ಲಿ ನಾಲ್ಕೈದು ಮಂದಿಯ ಹೊರತು ಎಲ್ಲರನ್ನೂ ಊರ ಹೊರಗೆ ಹಾಕಿತು. ಆಗ ಶಾಲೆಯ ಉಪಾಧ್ಯಾಯರಾದ ಚಾರ್ಲ್ಸ್ ಗೊಮಿಲಿಯನ್ನರು ಇತರರೊಂದಿಗೆ ವ್ಯಾಜ್ಯ ಹೂಡಿದರು. 1960ರಲ್ಲಿ ದೇಶದ ಶ್ರೇಷ್ಠ ನ್ಯಾಯಸ್ಥಾನವು ಏಕಮತದಿಂದ ಅವರ ಪಕ್ಷದಲ್ಲಿ ತೀರ್ಪು ಕೊಟ್ಟಿತು. 1961ರಲ್ಲಿ ಆ ಹೊಸ ಎಲ್ಲೆಯು ರದ್ದಾಯಿತು. ಓಟಿನಿಂದ ಹುಟ್ಟಿದ ಶಾಲೆಯು ಹೀಗೆ ಓಟನ್ನು ತಿರಿಗಿ ತಂದಿತು. 1985ರಲ್ಲಿ ಆ ಶಾಲೆಯು ವಿಶ್ವವಿದ್ಯಾಲಯವಾಯಿತು. ಊರು ಮಾತ್ರ ಇನ್ನೂ ಚಿಕ್ಕದೇ. 2020ರ ಜನಗಣತಿಯಲ್ಲಿ ಹತ್ತು ಸಾವಿರ ಜನರೂ ಇರಲಿಲ್ಲ.

ಆದಕಾರಣ ಮಕ್ಕಳ ಕೈಗೆ ಕೆಲಸವನ್ನು ಕಲಿಸೋಣ. ಅದರೊಂದಿಗೆ ಕಾಗದವನ್ನು ಓದಿ ನೋಡುವದನ್ನೂ, ತಿಳಿಯದ್ದನ್ನು ಕೇಳುವದನ್ನೂ ಕಲಿಸೋಣ. ಇವೆರಡರಲ್ಲಿ ಒಂದನ್ನು ಬಿಟ್ಟರೆ ಇನ್ನೊಂದು ನಿಲ್ಲದು.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಆಡಮ್ಸರು ತಮಗಾಗಿ ಏನನ್ನೂ ಕೇಳದೆ ಶಾಲೆಯನ್ನೇ ಕೇಳಿದ್ದು ಯಾಕೆ?
2. ನಮ್ಮ ಊರಿನ ಶಾಲೆಗೆ ಹಣವಿಲ್ಲದವರೂ ಕೊಡಬಹುದಾದದ್ದು ಏನು?
3. ಓದಿ ತಿಳಿಯದೆ ನಾವು ಹೆಬ್ಬೆಟ್ಟು ಒತ್ತುವ ಅಥವಾ ರುಜು ಹಾಕುವ ಕಾಗದಗಳು ಯಾವವು?