ಗಣಿತ ಬೋಧನೆಯಲ್ಲಿ ಯೋಜನಾ ಪದ್ಧತಿ

ಗಣಿತವೆಂದರೆ ಹೈಸ್ಕೂಲಿನ ಬಹುಮಂದಿ ವಿದ್ಯಾರ್ಥಿಗಳಿಗೆ ಅಂಜಿಕೆ. ಸೂತ್ರ ಬಾಯಿಪಾಠವಾಗಿರುತ್ತದೆ, ಅದನ್ನು ಎಲ್ಲಿ ಬಳಸಬೇಕೆಂಬುದು ಮಾತ್ರ ತಿಳಿದಿರುವುದಿಲ್ಲ. ಈ ಕೊರತೆಯನ್ನು ನೀಗಿಸಬಲ್ಲ ಯೋಜನಾ ಪದ್ಧತಿಯ ಕುರಿತು ನಾಲ್ಕು ಮಾತು ಬರೆಯಲು ಯತ್ನಿಸಿದ್ದೇನೆ.

ಅಮೇರಿಕದ ಶಿಕ್ಷಣವೇತ್ತ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಈ ಪದ್ಧತಿಯನ್ನು ಪ್ರತಿಪಾದಿಸಿ ಪ್ರಬಂಧ ಬರೆದನು. 1937ರ ವಾರ್ಧಾ ಪರಿಷತ್ತಿನಲ್ಲಿ ಗಾಂಧೀಜಿಯವರು ಕೈಕಸುಬಿನ ಮೂಲಕ ಶಿಕ್ಷಣ ನಡೆಯಬೇಕೆಂದರು. ನಮ್ಮ ನಾಡಿನಲ್ಲಂತೂ 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ಬರೆದ ಗ್ರಂಥಕ್ಕೆ 'ವ್ಯವಹಾರ ಗಣಿತ'ವೆಂದೇ ಹೆಸರು.

ಪಠ್ಯಪುಸ್ತಕದ ಕೊನೆಯ ಪುಟದಲ್ಲಿ ಉತ್ತರ ಸಿಗದಂಥ ಪ್ರಶ್ನೆಯೇ ಯೋಜನೆಯ ಜೀವಾಳ. ಅಂಥ ಪ್ರಶ್ನೆಗಳಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ.

ಕಿತ್ತೂರ ಕೋಟೆಯ ಗೋಡೆಯ ಎತ್ತರವೆಷ್ಟು? ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ಕಲ್ಲು ತೂಗಬಿಟ್ಟರೆ ಉನ್ನತ ಕೋನ ಅಳೆಯುವ ಉಪಕರಣ ಸಿದ್ಧ. ಗೋಡೆಯಿಂದ 10 ಮೀಟರ್ ದೂರದಲ್ಲಿ ನಿಂತವನಿಗೆ 30 ಡಿಗ್ರಿ ಕೋನ ಕಂಡಿತೆನ್ನೋಣ. ಕಣ್ಣಿನ ಮಟ್ಟದಿಂದ ಮೇಲೆ ಗೋಡೆ 5.77 ಮೀಟರ್. ಅದಕ್ಕೆ ಕಣ್ಣಿನ ಎತ್ತರವನ್ನು ಕೂಡಿಸಬೇಕು. ಇನ್ನೊಬ್ಬ ಹುಡುಗ ಕೋನವನ್ನು 31 ಡಿಗ್ರಿ ಎಂದು ಓದಿದರೆ ಉತ್ತರ 6.01 ಮೀಟರ್ ಆಗುತ್ತದೆ. ಒಂದು ಡಿಗ್ರಿಗೆ ಒಂದು ಗೇಣಿನ ಅಂತರ! ಯಾರ ಉತ್ತರ ಸರಿ, ಮತ್ತೆ ಅಳೆಯಬೇಕೆ, ಸರಾಸರಿ ತೆಗೆಯಬೇಕೆ ಎಂದು ತಂಡಗಳು ಚರ್ಚಿಸುವಾಗ ನಿಜವಾದ ಗಣಿತ ಆರಂಭವಾಗುತ್ತದೆ.

ಸವದತ್ತಿಯ ರೇಣುಕಾಸಾಗರವನ್ನು ನೋಡಿ. ಜಲಾಶಯದ ಸಾಮರ್ಥ್ಯ ಸುಮಾರು 37.73 ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,832 ಕೋಟಿ ಲೀಟರ್. ತಲೆಗೆ ದಿನಕ್ಕೆ 55 ಲೀಟರಿನಂತೆ ಲೆಕ್ಕ ಹಾಕಿದರೆ ಆ ಒಂದು ಟಿ.ಎಂ.ಸಿ. ನೀರು ಸುಮಾರು 14 ಲಕ್ಷ ಜನರಿಗೆ ಒಂದು ವರ್ಷ ಸಾಕು. ಈ ಲೆಕ್ಕವನ್ನು ತಾನೇ ಮಾಡಿದ ಹುಡುಗಿ ಮುಂದೆ ನೀರಿನ ಸುದ್ದಿಯನ್ನು ಬೇರೆಯೇ ಕಣ್ಣಿನಿಂದ ಓದುವಳು.

ಬೈಲಹೊಂಗಲದ ಮಾರುಕಟ್ಟೆಯಲ್ಲಿ ಹತ್ತಿಯ ಧಾರಣೆ ಬರೆದುಕೊಂಡು ಸರಾಸರಿ, ಮಧ್ಯಾಂಕ ಕಾಣಬಹುದು. ರಾಮದುರ್ಗದ ಮಗ್ಗಗಳಲ್ಲಿ ಹಾಸು-ಹೊಕ್ಕಿನ ಎಳೆ ಎಣಿಸಿ ಅನುಪಾತ ಕಲಿಯಬಹುದು.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಪಾಠಗಳನ್ನು ಮುಗಿಸಬೇಕು, ಪರೀಕ್ಷೆ ಎದುರಿಗಿದೆ, ವರ್ಗದಲ್ಲಿ ಮಕ್ಕಳು ಬಹಳ. ಈ ಮಾತು ಸುಳ್ಳಲ್ಲ. ಆದುದರಿಂದ ವರ್ಷಕ್ಕೆ ಎರಡೇ ಯೋಜನೆಗಳು ಸಾಕು. ಐದೈದು ಮಕ್ಕಳ ತಂಡವಿರಲಿ. ಅಳತೆ, ಲೆಕ್ಕ, ಬರವಣಿಗೆ, ವರದಿ ಹೇಳುವುದು ಇವು ಸರದಿಯಂತೆ ಎಲ್ಲರಿಗೂ ಬರಲಿ. ಸೂತ್ರದ ಅಭ್ಯಾಸವನ್ನು ಬಿಡಬೇಕಾಗಿಲ್ಲ. ಅಭ್ಯಾಸವಿಲ್ಲದೆ ಕೋಟೆಯ ಲೆಕ್ಕವೂ ಬಿಡಿಸಲಾಗದು.

ನಾನು ಹೆಚ್ಚು ಅಂಜುವುದು ಬೇರೊಂದಕ್ಕೆ. ಅಂಗಡಿಯಿಂದ ಥರ್ಮೋಕೋಲ್ ತಂದು, ಅಣ್ಣನೋ ಅಕ್ಕನೋ ಅಂಟಿಸಿಕೊಟ್ಟ ಮಾದರಿಗೆ 'ಪ್ರಾಜೆಕ್ಟ್' ಎಂದು ಹೆಸರಿಟ್ಟು ಅಂಕ ಕೊಟ್ಟರೆ ಪದ್ಧತಿಯೇ ಸತ್ತಂತೆ. ಹಣವುಳ್ಳವರ ಮಗು ಮುಂದೆ ಬಂದು, ಕೂಲಿಕಾರನ ಮಗು ಹಿಂದೆ ಉಳಿದೀತು. ದಾರ, ಕಲ್ಲು, ಅಳತೆಪಟ್ಟಿಗಳಿಂದ ಶಾಲೆಯ ವೇಳೆಯಲ್ಲೇ ಆಗುವ ಕೆಲಸವನ್ನು ಆರಿಸಿಕೊಂಡರೆ ಈ ಭೇದ ಹುಟ್ಟದು.

ನಮ್ಮಲ್ಲಿ ಅನೇಕರು ನಾಳೆ ಶಿಕ್ಷಕರಾಗತಕ್ಕವರು. ಸಾಧನ ಸಾಲದೆಂದು ಕೈಕಟ್ಟಿ ಕುಳಿತುಕೊಳ್ಳದೆ, ತಮ್ಮ ಊರಿನ ಒಂದು ಪ್ರಶ್ನೆಯಿಂದಲಾದರೂ ಈ ಕಾರ್ಯವನ್ನು ಆರಂಭಿಸಲೆಂದು ನನ್ನ ಹಾರೈಕೆ.