ಮೆಣಸಿನ ರಾಣಿ
(ಬಾಲಕ ಬಾಲಿಕೆಯರಿಗಾಗಿ ಒಂದು ಪಾಠ)

ಹೊನ್ನಾವರದ ಮಾವಿನಕುರ್ವೆಯನ್ನು ಬಳಸಿಕೊಂಡು ಸಮುದ್ರಕ್ಕೆ ಸೇರುವ ಶರಾವತಿ ಹೊಳೆಯನ್ನು ನಿಮ್ಮಲ್ಲಿ ಅನೇಕರು ನೋಡಿರುವಿರಿ. ಆ ಹೊಳೆಯ ದಡ ಹಿಡಿದು ಘಟ್ಟದ ಕಡೆಗೆ ಹೋದರೆ ಗೇರುಸೊಪ್ಪೆಯು ಸಿಕ್ಕುವದು. ಅಲ್ಲಿಯ ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಕಲ್ಲಿನ ಚತುರ್ಮುಖ ಬಸದಿಯು ಇಂದಿಗೂ ನಿಂತಿರುವದು. ಒಂದಾನೊಂದು ಕಾಲದಲ್ಲಿ ಅದು ದೊಡ್ಡ ರಾಜಧಾನಿಯಾಗಿತ್ತು.

ಅಲ್ಲಿ 1552ರಿಂದ ಸುಮಾರು 1606ರ ವರೆಗೆ ಚೆನ್ನಭೈರಾದೇವಿ ಎಂಬ ಜೈನ ರಾಣಿಯು ಆಳಿದಳು. ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಒಬ್ಬ ಸ್ತ್ರೀಯು ರಾಜ್ಯವಾಳಿದ್ದು ಸಣ್ಣ ಸಂಗತಿಯಲ್ಲ. ಪೋರ್ತುಗೀಸರು ಆಕೆಯನ್ನು ತಮ್ಮ ಮಾತಿನಲ್ಲಿ “ಮೆಣಸಿನ ರಾಣಿ” ಎಂದು ಕರೆದರು. ಯಾಕಂದರೆ ಈ ಸೀಮೆಯ ಕರಿಮೆಣಸಿಗೆ ಯೂರೋಪಿನಲ್ಲಿ ಬಹಳ ಬೆಲೆಯಿತ್ತು. ನಿಮ್ಮ ತೋಟದಲ್ಲಿ ಮರಕ್ಕೆ ಹಬ್ಬುವ ಬಳ್ಳಿಯೇ ಅದು. ಹಸುರು ಗೊನೆಗಳನ್ನು ಕೊಯ್ದು ಬಿಸಿಲಿಗೆ ಒಣಗಿಸಿದರೆ ಕಾಳು ಕಪ್ಪಾಗಿ ಸುಕ್ಕುಗಟ್ಟುವದು. ಆ ಕಾಳಿಗಾಗಿ ಹಡಗುಗಳು ಸಾವಿರಾರು ಹರದಾರಿ ದೂರದಿಂದ ಬರುತ್ತಿದ್ದವು.

ಆದರೆ ಸಿರಿಯಿರುವಲ್ಲಿ ಹಗೆಗಳೂ ಇರುವರು. 1565ರಲ್ಲಿ ತಾಳಿಕೋಟೆಯ ಯುದ್ಧದಲ್ಲಿ ವಿಜಯನಗರದವರು ಸೋತ ಮೇಲೆ, ಅವರ ಆಸರೆಯಲ್ಲಿದ್ದ ಚಿಕ್ಕ ರಾಜ್ಯಗಳಿಗೆ ಬಲವಾದ ಬೆಂಬಲವಿಲ್ಲದೆ ಹೋಯಿತು. 1569ರಲ್ಲಿ ಪೋರ್ತುಗೀಸರು ಹೊನ್ನಾವರವನ್ನು ಹಿಡಿದುಕೊಂಡರು. ರಾಣಿಯು ಕೈಕಟ್ಟಿ ಕೂಡ್ರಲಿಲ್ಲ. ವಿಜಾಪುರದವರ ಸಹಾಯದಿಂದ ಅಲ್ಲಿಯ ಕೋಟೆಗೆ ಮುತ್ತಿಗೆ ಹಾಕಿಸಿದಳು. ಕೋಟೆಯು ಕೈಗೆ ಬಾರದಿದ್ದರೂ ಆಕೆಯ ರಾಜ್ಯವು ಇನ್ನೂ ಮೂವತ್ತು ವರುಷಗಳಿಗಿಂತ ಹೆಚ್ಚು ಕಾಲ ಉಳಿಯಿತು. ಕಡೆಗೆ ಘಟ್ಟದ ಮೇಲಿನ ಇಕ್ಕೇರಿಯ ಅರಸನಾದ ವೆಂಕಟಪ್ಪ ನಾಯಕನು ಆಕೆಯನ್ನು ಸೋಲಿಸಿದನು. ಮುದಿಪ್ರಾಯದಲ್ಲಿ ಸೆರೆಯಾಗಿ ಇಕ್ಕೇರಿಯಲ್ಲಿಯೇ ತೀರಿಹೋದಳೆಂದು ಹೇಳುತ್ತಾರೆ.

1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿಯು ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದನು. ಅರಮನೆಯು ಬಿದ್ದು ಗಿಡಮರಗಳು ಬೆಳೆದದ್ದನ್ನೂ, ಪಟ್ಟಣವಿದ್ದಲ್ಲಿ ಕೆಲವೇ ಗುಡಿಸಲುಗಳು ಉಳಿದದ್ದನ್ನೂ ಕಂಡು ಬರೆದನು. ಅದರೊಂದಿಗೆ ಇನ್ನೊಂದು ಮಾತನ್ನೂ ಬರೆದನು: ರಾಣಿಯು ಒಬ್ಬ ಪರದೇಶಿಯನ್ನು ಮೋಹಿಸಿ, ಅವನ ದ್ರೋಹದಿಂದಲೇ ಕೆಟ್ಟಳಂತೆ.

ಮಕ್ಕಳೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ಬಿದ್ದ ಅರಮನೆಯನ್ನು ಆತನು ಕಣ್ಣಾರೆ ಕಂಡನು. ಆ ಸಾಕ್ಷಿಯನ್ನು ನಾವು ನಂಬಬಹುದು. ರಾಣಿಯನ್ನಾದರೋ ಆತನು ಕಾಣಲೇ ಇಲ್ಲ. ಆತನು ಪೋರ್ತುಗೀಸರ ರಾಯಭಾರಿಯ ಸಂಗಡ ವೆಂಕಟಪ್ಪ ನಾಯಕನ ಬಳಿಗೆ ಹೋಗುತ್ತಿದ್ದವನು. ಒಬ್ಬರು ಆಕೆಯೊಡನೆ ಕಾದಿದವರು, ಇನ್ನೊಬ್ಬನು ಆಕೆಯನ್ನು ಗೆದ್ದವನು. ಸೋತವಳ ಪಕ್ಷದ ಮಾತನ್ನು ಹೇಳುವದಕ್ಕೆ ಅಲ್ಲಿ ಯಾರಿದ್ದರು? ಕಂಡದ್ದು ಬೇರೆ, ಕೇಳಿದ್ದು ಬೇರೆ. ಸತ್ತವರು ಎದ್ದು ಬಂದು ಉತ್ತರ ಕೊಡಲಾರರು. ಆದದರಿಂದ ಅವರ ವಿಷಯದಲ್ಲಿ ನಮ್ಮ ನಾಲಿಗೆಯು ಹೆಚ್ಚು ಎಚ್ಚರವಾಗಿರತಕ್ಕದ್ದು. ಬದುಕಿರುವ ನೆರೆಯವರ ವಿಷಯದಲ್ಲಿಯೂ ಹಾಗೆಯೇ.

ಪ್ರಶ್ನೆಗಳು
1. ಚೆನ್ನಭೈರಾದೇವಿಗೆ “ಮೆಣಸಿನ ರಾಣಿ” ಎಂಬ ಹೆಸರು ಯಾಕೆ ಬಂತು?
2. ಹೊನ್ನಾವರವನ್ನು ಪೋರ್ತುಗೀಸರು ಹಿಡಿದಾಗ ರಾಣಿಯು ಏನು ಮಾಡಿದಳು?
3. ಪ್ರವಾಸಿಯು ಕಂಡದ್ದು ಯಾವದು? ಕೇಳಿದ್ದು ಯಾವದು?
4. ಕಳೆದ ವಾರ ನೀವು ಯಾರ ವಿಷಯದಲ್ಲಾದರೂ ಕಾಣದ ಮಾತನ್ನು ಕಂಡಂತೆ ಹೇಳಿದಿರೋ?